ರುಮಾಲಿನ ಚುಂಗು ಹಿಡಿದ ಹಣಮಮ್ಮ

ಶಹಾಪುರದಿಂದ ವನದುರ್ಗದ ಕಡೆಗೆ ಹೋಗುವ ದಾರಿಯಲ್ಲಿ, ಸಜ್ಜಿಹಾಳಕ್ಕೆ ಕಾಲುದಾರಿ ಒಡೆಯುವ ಕಡೆ ಒಂದು ಬೇವಿನ ಮರವಿದೆ. ಅದರ ಬುಡದಲ್ಲಿ ಎದೆಮಟ್ಟದ ಕರಿಕಲ್ಲೊಂದು ನಿಂತಿದೆ. ನಾಲ್ವರು ಗಂಡಸರು ಒಂದು ಹೊರಸನ್ನು, ಅಂದರೆ ನುಲಿಯ ಮಂಚವನ್ನು, ಹೆಗಲ ಮೇಲೆ ಹೊತ್ತು ನಡೆಯುತ್ತಿರುವುದನ್ನು ಅದರಲ್ಲಿ ಕೆತ್ತಿದ್ದಾರೆ. ಹೊರಸಿನ ಮೇಲೆ ಕಂಬಳಿ ಹೊದ್ದ ಹೆಂಗಸು ಮಲಗಿದ್ದಾಳೆ. ಅವಳ ಒಂದು ಕೈ ಕಂಬಳಿಯಿಂದ ಹೊರಗೆ ಬಂದು ಮುಂದಕ್ಕೆ ಚಾಚಿದೆ. ಮುಷ್ಟಿಯಲ್ಲಿ ಒಂದು ಬಟ್ಟೆಯ ತುದಿ ಇದೆ. ಆ ಬಟ್ಟೆ ಮುಂದೆ ನಡೆಯುವವನ ತಲೆಯ ರುಮಾಲಿನಿಂದ ಇಳಿದು ಬಂದದ್ದು. ರುಮಾಲು ಅರ್ಧ ಬಿಚ್ಚಿ ಅವನ ಕಿವಿಯ ಮೇಲೆ ಜೋತಿದೆ. ಬಿಸಿಲು ಮಳೆಗೆ ನಾಲ್ವರ ಮೂಗು ಕಣ್ಣು ಸವೆದು ಹೋಗಿವೆ. ಆ ಮುಷ್ಟಿ ಮತ್ತು ಬಟ್ಟೆ ಮಾತ್ರ, ಹಾದುಹೋಗುವ ಹೆಂಗಸರು ಮುಟ್ಟಿ ಮುಟ್ಟಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ.

ಮಲಗಿರುವ ಹೆಂಗಸು ಸಜ್ಜಿಹಾಳದ ಹಣಮಮ್ಮ. ನಮಗೆಲ್ಲ ಬುದ್ಧಿ ಬರುವ ಹೊತ್ತಿಗೆ ಅವಳು ಮುದುಕಿಯಾಗಿದ್ದಳು. ಕುರಿ ಕಾಯುವ ಮನೆತನ ಅವರದು. ಅವಳ ಗಂಡ ಅಮೋಘಸಿದ್ದ ವರ್ಷದ ಅರ್ಧ ಭಾಗ ಹಿಂಡಿನ ಹಿಂದೆ ಊರೂರು ತಿರುಗುತ್ತಿದ್ದ. ಹಣಮಮ್ಮ ಮನೆಯಲ್ಲಿದ್ದು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಬಾವಿಗೆ ಹೋಗುವಾಗಲೂ ಅವಳ ಕೈಯಲ್ಲಿ ಕದಿರು ತಿರುಗುತ್ತಿತ್ತು, ಅದರ ಜೊತೆ ಬಾಯಿಯೂ. ಸುಮ್ಮನಿರುವುದು ಅವಳಿಂದ ಆಗದ ಕೆಲಸ. ಅವಳ ಕಥೆಯನ್ನು ಓಣಿಯವರೆಲ್ಲ ಅವಳ ಬಾಯಿಂದಲೇ ಕೇಳಿದ್ದಾರೆ. ಉಳಿದವರು ಹೇಳಿದ್ದು ಅದಕ್ಕೆ ಹೊಂದದ ಕಡೆ ಅದನ್ನೂ ಇಲ್ಲಿ ಸೇರಿಸಿದ್ದೇನೆ.

ನಿಜಾಮರ ಆಳಿಕೆ ಮುಗಿದ ಮಳೆಗಾಲದಲ್ಲಿ ಸಜ್ಜಿಹಾಳದ ಚಾವಡಿಯ ಮೇಲೆ ಹೊಸ ಬಾವುಟ ಏರಿತು. ದಾರಿ ಮಾತ್ರ ಹಳೆಯದೇ ಉಳಿಯಿತು. ನಮ್ಮದು ಎರೆಮಣ್ಣಿನ ಸೀಮೆ. ಎರಡು ಮಳೆ ಬಿದ್ದರೆ ಗಾಡಿಯ ಗಾಲಿ ಅಚ್ಚಿನವರೆಗೆ ಹೂತು ಎತ್ತುಗಳು ಮೊಣಕಾಲೂರುತ್ತವೆ. ಶಹಾಪುರದ ದವಾಖಾನೆ ಅರ್ಧ ದಿನದ ನಡಿಗೆ. ಆ ವರ್ಷ ಹುಲಗಪ್ಪನ ತಂಗಿ ಹೆರಿಗೆ ನೋವಿನಲ್ಲಿ, ಹೂತುಹೋದ ಗಾಡಿಯಲ್ಲಿಯೇ ತೀರಿಕೊಂಡಳು. ಹುಲಗಪ್ಪ ಒಂದಿಷ್ಟು ಒಣಬೇಸಾಯ ಮಾಡಿಕೊಂಡಿದ್ದವನು, ಎತ್ತರದ ಆಳು. ತಂಗಿಯ ದಿನಕರ್ಮ ಮುಗಿದ ಮೇಲೆ ಅವನು ತನ್ನ ಮನೆಯ ಹೊರಸನ್ನು ಹೊರಗೆ ತಂದು, ಅದರ ಎರಡೂ ಬದಿಗೆ ಉದ್ದನೆಯ ಬಿದಿರಿನ ಗಳ ಕಟ್ಟಿದ. ಹತ್ತಿ ಹಿಂಜುವ ಫಕ್ರುದ್ದೀನ ಎದುರು ಮನೆಯಲ್ಲಿದ್ದ. ಅವನು ಬಂದು ಇನ್ನೊಂದು ಬದಿಯ ಹಗ್ಗ ಬಿಗಿದ. ಆಮೇಲೆ ಮಲ್ಕಪ್ಪ ಮತ್ತು ಅವನ ತಮ್ಮ ಸೇರಿದರು. ಹೀಗೆ ಸಜ್ಜಿಹಾಳದಲ್ಲಿ ಹೊರಸಿನ ಮಂದಿ ಶುರುವಾದರು. ಸುತ್ತಲಿನ ಯಾವ ಹಳ್ಳಿಯಲ್ಲಿ ಯಾರಿಗೆ ಬೇನೆಯಾದರೂ ಕರೆ ಬರುತ್ತಿತ್ತು. ಜಾತಿ ಕೇಳುತ್ತಿರಲಿಲ್ಲ. ದಾರಿಯಲ್ಲಿ ನೀರು ಕುಡಿಯುವುದು ಬಿಟ್ಟರೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಮೊದಮೊದಲು ಒಬ್ಬ ಮುದುಕನನ್ನು ಹೊತ್ತು ಶಹಾಪುರ ಮುಟ್ಟಿದಾಗ ಅವನು ದಾರಿಯಲ್ಲೆಲ್ಲೋ ತೀರಿಹೋಗಿದ್ದ. ಹೊತ್ತವರಿಗೆ ತಿಳಿದೇ ಇರಲಿಲ್ಲ. ಮುಂದಿನವರ ಕಣ್ಣು ದಾರಿಯ ಮೇಲೆ, ಹಿಂದಿನವರ ಕಣ್ಣು ಮುಂದಿನವರ ಹಿಮ್ಮಡಿಯ ಮೇಲೆ. ಅಂದಿನಿಂದ ಹುಲಗಪ್ಪ ಒಂದು ಕ್ರಮ ಮಾಡಿದ. ಊರಿನ ಕೊನೆಯ ಹೊಲ ದಾಟಿದ ಮೇಲೆ ಅವನು ತನ್ನ ರುಮಾಲಿನ ಚುಂಗನ್ನು, ಅಂದರೆ ಬಾಲದ ತುದಿಯನ್ನು, ಹಿಂದಕ್ಕೆ ಇಳಿಬಿಡುತ್ತಿದ್ದ. ಮಲಗಿದವರು ಅದನ್ನು ಹಿಡಿದುಕೊಳ್ಳಬೇಕು, ಆಗಾಗ ಜಗ್ಗುತ್ತಿರಬೇಕು. ತಲೆಯ ಮೇಲೆ ಎಳೆತ ತಿಳಿಯುವವರೆಗೆ ನಡಿಗೆ ನಿಲ್ಲದು. ಎಳೆತ ನಿಂತರೆ ಹೊರಸು ಇಳಿಸಿ ಮುಖಕ್ಕೆ ನೀರು ಚಿಮುಕಿಸಿ ಮಾತಾಡಿಸುವುದು.

ಇದನ್ನು ಹೊತ್ತವರು ಮತ್ತು ಹೊರಿಸಿಕೊಂಡವರು ಬಿಟ್ಟರೆ ಬೇರೆಯವರು ಬಲ್ಲವರಲ್ಲ. ಏಕೆಂದರೆ ನಮ್ಮ ಕಡೆ ಒಬ್ಬರ ರುಮಾಲಿಗೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ. ಹಚ್ಚಿದರೆ ಅದು ಜಗಳದ ಮಾತು, ಪಂಚಾಯಿತಿಗೆ ಹೋಗುವ ಮಾತು. ಹುಲಗಪ್ಪನಿಗಂತೂ ರುಮಾಲೆಂದರೆ ಜೀವ. ಬಿಳಿಯ ರುಮಾಲನ್ನು ದಿನಾ ಬೆಳಿಗ್ಗೆ ಮನೆಯ ಕಂಬಕ್ಕೆ ತುದಿ ಸಿಕ್ಕಿಸಿ, ನಿರಿಗೆ ಹಿಡಿದು, ಸುತ್ತು ಸುತ್ತಿಗೂ ನೀಟು ಮಾಡಿ ಕಟ್ಟುತ್ತಿದ್ದ. ಶಹಾಪುರ ಇನ್ನೇನು ಬಂತು ಎನ್ನುವಾಗ ಕೆರೆಯ ದಂಡೆಯ ಮೇಲೆ ಹೊರಸು ಇಳಿಸಿ, ಮರದ ಮರೆಗೆ ಹೋಗಿ, ಮತ್ತೆ ಕಟ್ಟಿಕೊಂಡೇ ಊರೊಳಗೆ ಬರುತ್ತಿದ್ದ.

ಹಣಮಮ್ಮನ ಸರದಿ ಮರುವರ್ಷದ ಮಳೆಗಾಲದಲ್ಲಿ ಬಂತು. ಚೊಚ್ಚಲ ಹೆರಿಗೆ. ಗಂಡ ಹಿಂಡಿನ ಜೊತೆ ಕೃಷ್ಣೆಯ ಕಡೆ ಹೋಗಿದ್ದ. ಸೂಲಗಿತ್ತಿ ಕೈಬಿಟ್ಟಳು. ಹೊರಸು ಬಂತು. ಮಳೆ ಜಿಟಿಜಿಟಿ ಹಿಡಿದಿತ್ತು. ಹೊಲ ದಾಟಿದ ಮೇಲೆ ಹುಲಗಪ್ಪ ಚುಂಗು ಇಳಿಬಿಟ್ಟು ಹೇಳಿದ:

"ಹಿಡಿ ಯವ್ವಾ. ಜಗ್ಗಿಕೋತ ಇರು."

"ನಿನ್ನ ರುಮಾಲ ಮಾವ?" ಹಣಮಮ್ಮ ಕೈ ಹಿಂದಕ್ಕೆ ತೆಗೆದಳು. ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

"ಬಿಚ್ಚಿದ್ರ ಬಿಚ್ಚಲಿ. ತಲಿ ಏನೂ ಬಿಚ್ಚಿ ಬರಂಗಿಲ್ಲ. ನೀ ಹಿಡಿ."

ದಾರಿಯುದ್ದಕ್ಕೂ ಅವಳು ಜಗ್ಗಿದಳು. ನೋವು ಬಂದಾಗ ಎರಡೂ ಕೈಯಿಂದ ಜಗ್ಗಿದಳು. ಎದುರಿಗೆ ಬಂದ ಗಾಡಿಯವನೊಬ್ಬ, ಹೆಣವೆಂದು ತಿಳಿದು, ಎತ್ತುಗಳನ್ನು ಬದಿಗೆ ಸರಿಸಿ ಕೈಮುಗಿದು ನಿಂತನಂತೆ. ಫಕ್ರುದ್ದೀನ ನಡೆಯುತ್ತಲೇ ಅವನಿಗೆ, "ಕೈ ಇಳಸಪ್ಪ, ಇನ್ನಾ ಜೀವ ಅದ," ಎಂದನಂತೆ. ಒಂದು ಕಡೆ ಎಳೆತ ನಿಂತೇಹೋಯಿತು. ಇಳಿಸಿ ನೀರು ಹಾಕಿದರು. ಕಣ್ಣು ಬಿಟ್ಟಾಗ ಶಹಾಪುರದ ಗುಡ್ಡ ಕಾಣುತ್ತಿತ್ತು. ಆ ಗುಡ್ಡ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ.

"ನೋಡು, ಅವನೂ ಅಡ್ಡಾಗ್ಯಾನ," ಎಂದ ಹುಲಗಪ್ಪ. "ಆದ್ರ ಅವನ್ನ ಹೊರೂದು ನಮ್ಮ ಕೈಲಿ ಆಗಂಗಿಲ್ಲ. ನೀನಾದ್ರ ಹಗರ ಅದೀ. ಜಗ್ಗು."

ಅವಳಿಗೆ ನಗು ಬಂತು. ನಗುತ್ತಲೇ ಜಗ್ಗಿದೆ ಎಂದು ಹಣಮಮ್ಮ ಹೇಳುತ್ತಿದ್ದಳು. ಅಳುತ್ತ ಜಗ್ಗಿದಳು ಎಂದು ಮಲ್ಕಪ್ಪನ ತಮ್ಮ ಹೇಳುತ್ತಿದ್ದ. ಎರಡೂ ಇದ್ದಿರಬಹುದು. ಆ ದಿನ ಸಂಜೆಗೆ ಮುಂಚೆ ದವಾಖಾನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅದಕ್ಕೆ ಶಂಕ್ರಮ್ಮ ಎಂದು ಹೆಸರಿಟ್ಟರು.

ಏಳು ವರ್ಷ ಕಳೆದವು. ಹೈದರಾಬಾದಿನಿಂದ ಬಿಡಿಸಿಕೊಂಡು ನಮ್ಮ ಸೀಮೆ ಮೈಸೂರಿನ ಜೊತೆ ಸೇರುತ್ತದೆ, ಕನ್ನಡದವರೆಲ್ಲ ಒಂದಾಗುತ್ತಾರೆ ಎಂಬ ಸುದ್ದಿ ಬಂತು. ಆ ದಿನಕ್ಕೆಂದು ಅಲ್ಲಲ್ಲಿ ಬಾವುಟದ ಕಟ್ಟೆ ಕಟ್ಟಿಸುತ್ತಿದ್ದರು. ಸಜ್ಜಿಹಾಳದಲ್ಲಿ ಕಿರಾಣಿ ಅಂಗಡಿಯ ಗುರಣ್ಣ ಮುಂದಾಳು. ಅವನ ತಾಯಿಯನ್ನೂ ಒಮ್ಮೆ ಅದೇ ಹೊರಸಿನ ಮೇಲೆ ಒಯ್ದಿದ್ದರು. ಆಕೆ ಮಾತೂ ಆಡದ, ಕೈಯೂ ಎತ್ತದ ಸ್ಥಿತಿಯಲ್ಲಿದ್ದಳು, ಆದರೂ ಉಳಿದಿದ್ದಳು. ಚಾವಡಿಯ ಮುಂದೆ ಕೂತಾಗ ಗುರಣ್ಣ ಹೇಳಿದ:

"ಕಟ್ಟಿ ಎಲ್ಲಾ ಊರಾಗೂ ಅದ. ನಮ್ಮ ಊರಾಗ ಹೊರಸಿನ ಮಂದಿ ಅದಾರ. ಅವರದೊಂದು ಕಲ್ಲು ನಿಲ್ಲಸಮು."

ಯಾರೂ ಬೇಡವೆನ್ನಲಿಲ್ಲ. ಹೊರಸಿನ ಮೇಲೆ ಹಣಮಮ್ಮನನ್ನು ತೋರಿಸುವುದೆಂದು ಮಾಡಿ, ಸುರಪುರದ ಕಡೆಯ ಕಲ್ಲುಕುಟಿಗ ವೆಂಕಟಪ್ಪನಿಗೆ ಕೆಲಸ ಹೇಳಿದರು. ಅವನು ಬೀಸುಕಲ್ಲು, ಒರಳು ಮಾಡುತ್ತಿದ್ದ. ಹಣಮಪ್ಪನ ಮೂರ್ತಿ, ನಾಗರಕಲ್ಲು ಮಾಡುತ್ತಿದ್ದ. ಅದೆಲ್ಲದಕ್ಕಿಂತ ಹೆಚ್ಚಾಗಿ ಸತ್ತವರ ಹೆಸರಿನಲ್ಲಿ ಹೊಲದ ಬದುವಿಗೆ ನಿಲ್ಲಿಸುವ ಕಲ್ಲು ಮಾಡುತ್ತಿದ್ದ. ಅವನು ಸಜ್ಜಿಹಾಳಕ್ಕೆ ಬಂದು ಹೊರಸು ನೋಡಿದ, ನಾಲ್ವರನ್ನೂ ನೋಡಿದ.

"ಮಲಗಿದಾಕಿ ಹೆಂಗ ಇದ್ದಳು?" ಎಂದು ಕೇಳಿದ.

"ಕಂಬಳಿ ಹೊದ್ದಿದ್ದಳು," ಎಂದ ಗುರಣ್ಣ.

"ನೀವು?"

"ನಾವು ಹೊತ್ತಿದ್ದಿವಿ," ಎಂದ ಹುಲಗಪ್ಪ. ಆಮೇಲೆ, "ರುಮಾಲ ಚಂದ ಕಡೀಯಪ್ಪ. ಸುತ್ತು ಎದ್ದ ಕಾಣಬೇಕು," ಎಂದ. ಚುಂಗಿನ ಮಾತನ್ನು ಅವನು ಎತ್ತಲಿಲ್ಲ. ಅವನು ಎತ್ತದಿದ್ದಾಗ ಉಳಿದ ಮೂವರೂ ಎತ್ತಲಿಲ್ಲ. ಹಣಮಮ್ಮನನ್ನು ಯಾರೂ ಕರೆದು ಕೇಳಲಿಲ್ಲ.

ಕಲ್ಲು ಗಾಡಿಯಲ್ಲಿ ಬಂದದ್ದು ಮಾನೋಮಿ ಅಮಾವಾಸ್ಯೆಯ ಹಿಂದಿನ ದಿನ. ನಿಲ್ಲಿಸುವ ಮುಹೂರ್ತ ಇನ್ನೂ ದೂರವಿತ್ತು. ಬೇವಿನ ಮರಕ್ಕೆ ಆನಿಸಿ ಇಟ್ಟರು. ರುಮಾಲುಗಳು ನಿಜಕ್ಕೂ ಚೆನ್ನಾಗಿ ಬಂದಿದ್ದವು. ಹುಲಗಪ್ಪ ತನ್ನ ರುಮಾಲಿನ ಸುತ್ತನ್ನು ಬೆರಳಿನಿಂದ ಸವರಿ ನೋಡಿ ಮನೆಗೆ ಹೋದ. ಅದೇ ಅವನ ಮೆಚ್ಚುಗೆ ಎಂದು ಎಲ್ಲರೂ ತಿಳಿದರು.

ಮಾನೋಮಿ ಅಮಾವಾಸ್ಯೆ ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಹಣಮಮ್ಮ ತನ್ನ ಅತ್ತೆ ಮಾವನಿಗೆ ಎಡೆ ಇಟ್ಟು, ಮಧ್ಯಾಹ್ನ ಹೊತ್ತಿಗೆ ಕದಿರು ತಿರುಗಿಸುತ್ತ ಕಲ್ಲು ನೋಡಲು ಹೋದಳು. ಕಲ್ಲಿನ ಮುಂದೆ ಬೇರೆ ಊರಿನ ಒಬ್ಬ ಮುದುಕಿ ಕೂತಿದ್ದಳು. ಹೆಸರು ಸಾಯಬಮ್ಮ ಎಂದು ಆಮೇಲೆ ಗೊತ್ತಾಯಿತು. ಕಲ್ಲಿಗೆ ಕುಂಕುಮ ಹಚ್ಚಿದ್ದಳು. ಮುತ್ತುಗದ ಎಲೆಯ ಮೇಲೆ ರೊಟ್ಟಿ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ನಾಲ್ಕು ಹಸಿರು ಬಳೆ.

"ಏನ್ ಮಾಡಾಕತ್ತಿ ಯವ್ವಾ?"

"ಎಡಿ ಇಡಾಕತ್ತೀನಿ ತಂಗಿ. ಅಮಾಸಿ ಅಲ್ಲೇನು."

"ಯಾರಿಗಿ?"

"ಈಕಿಗಿ." ಸಾಯಬಮ್ಮ ಹೊರಸಿನ ಮೇಲಿನವಳನ್ನು ತೋರಿಸಿದಳು. "ಬಾಣಂತಿ ಸತ್ತಾಳಂತ, ಪಾಪ. ನೋಡು, ಮಣ್ಣಿಗಿ ಒಯ್ಯಾಕತ್ತಾರ. ಬಾಣಂತಿ ಸತ್ತ್ರ ಹಂಗ ಬಿಡಬಾರದು, ಹಾದಿ ಮ್ಯಾಲ ನಿಂದರತಾಳ. ಅದಕ್ಕ ಬಳಿ ಇಟ್ಟೀನಿ."

"ಸತ್ತಿಲ್ಲ ಆಕಿ."

"ನಿನಗೇನ್ ಗೊತ್ತು?"

"ನಾನ ಆಕಿ."

ಮುದುಕಿ ಕಲ್ಲಿನವಳ ಮುಖ ನೋಡಿದಳು, ಹಣಮಮ್ಮನ ಮುಖ ನೋಡಿದಳು. "ಆಕಿ ಮೋತಿ ಸಣ್ಣದದ," ಎಂದಳು.

"ಏಳ ವರ್ಷದ ಹಿಂದ ನಂದೂ ಸಣ್ಣದಿತ್ತು."

"ಹುಚ್ಚಿ. ಬದುಕಿದವರನ್ನ ಯಾರರ ಕಲ್ಲಾಗ ಕಡೀತಾರೇನು? ನೀ ಬದುಕೀದಿ, ಛಲೋ ಆತು. ಆದ್ರ ಈಕಿ ಸತ್ತಾಳ. ಕೈ ಎಲ್ಲಿ ಅದಾವ ನೋಡು. ಹೆಬ್ಬಳ್ಳ ಕಟ್ಟಿ ಕಂಬಳಿ ಮುಚ್ಯಾರ."

ಹಣಮಮ್ಮ ಬಾಗಿ ನೋಡಿದಳು. ನಮ್ಮಲ್ಲಿ ಸತ್ತವರ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಿ ಮೇಲೆ ಬಟ್ಟೆ ಮುಚ್ಚುತ್ತಾರೆ. ಕಲ್ಲಿನೊಳಗೂ ಕಂಬಳಿ ಕುತ್ತಿಗೆಯವರೆಗೆ ಇತ್ತು, ಕೈ ಕಾಣುತ್ತಿರಲಿಲ್ಲ. ವೆಂಕಟಪ್ಪ ತನಗೆ ರೂಢಿಯಿದ್ದ ಹಾಗೆಯೇ ಮಾಡಿದ್ದ.

ಹಣಮಮ್ಮ ಕೂತು ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡು ರೊಟ್ಟಿ ಮುರಿದಳು.

"ಏ, ಎಡಿಗಿಟ್ಟದ್ದು ಅದು," ಎಂದು ಮುದುಕಿ ಅವಳ ಕೈ ಹಿಡಿದಳು.

"ನನಗ ಇಟ್ಟೀದಿ. ನಾನ ತಿಂತೀನಿ." ಅಗಿದು ನುಂಗಿ, "ಪಲ್ಯಾಕ ಉಪ್ಪು ಕಮ್ಮಿ ಆಗ್ಯಾದ ಯವ್ವಾ," ಎಂದಳು. ಸಾಯಬಮ್ಮ ಬಳೆಗಳನ್ನು ಮಾತ್ರ ಕಲ್ಲಿನ ಮುಂದೆ ಬಿಟ್ಟು, ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತ ಹೋದಳು.

ಈ ಮಾತನ್ನು ಹೇಳಿ ಹಣಮಮ್ಮ ಯಾವಾಗಲೂ ನಗಿಸುತ್ತಿದ್ದಳು. ಆದರೆ ಆ ದಿನ ಅವಳಿಗೆ ನಗು ಬಂದಿರಲಿಲ್ಲ. ಅಮಾವಾಸ್ಯೆ ಮುಗಿದ ಮೇಲೂ ಕಲ್ಲಿನ ಮುಂದೆ ಎಡೆ ಇಡುವುದು ನಿಲ್ಲಲಿಲ್ಲ. ಬಸುರಿಯರು ಆ ಮರ ಬಿಟ್ಟು ಹೊಲದೊಳಗಿಂದ ಸುತ್ತು ಹಾಕಿ ಹೋಗತೊಡಗಿದರು. ಹೊರಸು ಹುಲಗಪ್ಪನ ಪಡಸಾಲೆಯಲ್ಲಿ ಗೋಡೆಗೆ ಒರಗಿತ್ತು. ಪಕ್ಕದ ಹಳ್ಳಿಯಿಂದ ಒಂದು ಕರೆ ಬಂತು. ಹೊರಸಿನ ಮಂದಿ ಹೋದರೆ ಆ ಮನೆಯವರು, "ಬ್ಯಾಡ್ರಿ, ಗಾಡೀನ ಕಟ್ಟತೀವಿ," ಎಂದು ವಾಪಸು ಕಳಿಸಿದರು. ಇವರಿಗೆ ಗೌರವ ಮಾಡಲು ತಂದ ಕಲ್ಲು ಇವರ ಹೊರಸನ್ನೇ ಕೂರಿಸಿಬಿಟ್ಟಿತ್ತು.

ಹಣಮಮ್ಮ ಹುಲಗಪ್ಪನ ಮನೆಗೆ ಹೋದಳು. ಫಕ್ರುದ್ದೀನ ಅಲ್ಲೇ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಮಾವ, ಕಲ್ಲಾಗ ನಾ ಸತ್ತೀನಿ."

"ಯಾರಂದ್ರು?"

"ನನ್ನ ಎಡಿ ನಾನ ತಿಂದು ಬಂದೀನಿ. ಇನ್ನ ಯಾರ ಅನಬೇಕು?"

ಫಕ್ರುದ್ದೀನನಿಗೆ ಹೊಗೆ ನೆತ್ತಿಗೇರಿ ಕೆಮ್ಮು ಬಂತು. ಹಣಮಮ್ಮ ಮುಂದುವರಿಸಿದಳು: "ಚುಂಗಿಲ್ಲ, ಅದಕ್ಕ ಹಂಗ ಕಾಣಾಕತ್ತದ. ಚುಂಗ ಹಿಡದ ಕೈ ಕಂಡ್ರ ಯಾರೂ ಹೆಣ ಅನ್ನಂಗಿಲ್ಲ. ವೆಂಕಟಪ್ಪಗ ಹೇಳಿ ಮಾಡಸು."

ಹುಲಗಪ್ಪನ ಕೈ ತಾನಾಗಿ ರುಮಾಲಿನ ಮೇಲೆ ಹೋಯಿತು.

"ಅದೊಂದು ಬ್ಯಾಡವ್ವ."

"ಯಾಕ?"

"ನಾಕ ಮಂದಿ ಹಾಯೂ ದಾರಿ ಅದು. ಅಳಿಯಂದ್ರು ಬರ್ತಾರ, ಬೀಗರು ಬರ್ತಾರ. ಹೆಣ್ಣಮಗಳು ಹುಲಗಪ್ಪನ ರುಮಾಲ ಜಗ್ಗ್ಯಾಳ ಅಂತ ಆ ಕಲ್ಲು ಇರೂತನ ಆಡಿಕೋತಾರ."

"ಜಗ್ಗಿದ್ದು ಖರೆ ಅಲ್ಲೇನು?"

"ಖರೆ. ದಾರ್ಯಾಗ ಆಗಿದ್ದು ದಾರ್ಯಾಗ ಇರ್ಲಿ."

"ನನ್ನ ತಲಿಮ್ಯಾಲ ಟೊಪಗಿ ಅದ," ಎಂದ ಫಕ್ರುದ್ದೀನ. "ಜಗ್ಗಾಕ ಏನೂ ಇಲ್ಲ. ಇದ್ದಿದ್ರ ನಂದ ಕೊಡ್ತಿದ್ದೆ ಬೇಟಿ."

"ನಿಂದು ಬಾಯಿ ಮುಚ್ಚು," ಎಂದ ಹುಲಗಪ್ಪ.

ಹಣಮಮ್ಮ ಎದ್ದಳು. "ನಿನ್ನ ತಂಗಿ ಗಾಡ್ಯಾಗ ಹೋದಳು ಮಾವ," ಎಂದಷ್ಟೇ ಹೇಳಿ ಹೊರಟಳು. ಆ ಮಾತು ಆಡಬಾರದಿತ್ತೇನೋ ಎಂದು ಅವಳಿಗೆ ಮುದುಕಿಯಾದಾಗಲೂ ಅನಿಸುತ್ತಿತ್ತು.

ಆಮೇಲೆ ಚಿತ್ತಿ ಮಳೆ ಹಿಡಿಯಿತು. ಹಿಂಗಾರಿ ಬಿತ್ತನೆಗೆ ಒಳ್ಳೆಯದೇ ಆಯಿತು, ದಾರಿ ಮಾತ್ರ ಕೆಸರಾಯಿತು. ಆ ಮಳೆಯಲ್ಲಿ ಫಕ್ರುದ್ದೀನನ ಸೊಸೆ ಚಮನಬೀಗೆ ನೋವು ಶುರುವಾಯಿತು. ಅವಳು ಕಡೇಚೂರಿನ ಕಡೆಯಿಂದ ಬಂದವಳು, ಇನ್ನೂ ಎಳೆಯ ವಯಸ್ಸು. ಬೆಳಿಗ್ಗೆ ಸೂಲಗಿತ್ತಿ ನೋಡಿ, ಕೂಸು ಅಡ್ಡ ಇದೆ, ಶಹಾಪುರಕ್ಕೆ ಒಯ್ಯಿರಿ ಎಂದಳು. ಗಾಡಿ ಹೋಗುವ ಮಾತೇ ಇರಲಿಲ್ಲ. ಮಲ್ಕಪ್ಪ ಮತ್ತು ಅವನ ತಮ್ಮ ಹೊರಸು ತಂದು ಅಂಗಳದಲ್ಲಿ ಇಳಿಸಿದರು. ಚಮನಬೀ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅದರ ಮ್ಯಾಲ ನಾ ಬರಂಗಿಲ್ಲ. ಕಲ್ಲಾಗಿನ ಹೊರಸದು."

ಎಷ್ಟೋ ಮನೆಯವರನ್ನು ಹೊತ್ತ ಫಕ್ರುದ್ದೀನ ತನ್ನ ಮನೆಯ ಬಾಗಿಲಿನಲ್ಲಿ ಸುಮ್ಮನೆ ನಿಂತಿದ್ದ. ಅವನ ಹೆಂಡತಿ ಕುಬ್ರಾಬೇಗಂ ಸೊಸೆಗೆ ದಖನಿಯಲ್ಲಿ ಏನೇನೋ ಹೇಳಿದಳು. ಚಮನಬೀ ತಲೆ ಅಲ್ಲಾಡಿಸಿದಳು. ಹಣಮಮ್ಮ ಜನರನ್ನು ಸರಿಸಿಕೊಂಡು ಹತ್ತಿರ ಹೋದಳು.

"ನನ್ನ ನೋಡವ್ವ ಚಮನ. ಇದರ ಮ್ಯಾಲ ನಾ ಹೋಗೀನಿ, ತಿರುಗಿ ಬಂದೀನಿ. ನನ್ನ ಮಗಳನ್ನೂ ಕರಕೊಂಡು ಬಂದೀನಿ."

"ನೀ ಬಂದಿದ್ದು ನಿನ್ನ ನಸೀಬ ಹಣಮಕ್ಕ," ಎಂದಳು ಚಮನಬೀ. ನೋವಿನಿಂದ ಅವಳ ಮಾತು ತುಂಡಾಗುತ್ತಿತ್ತು. "ಕಲ್ಲು ನಾ ನೋಡೀನಿ. ಆಕಿಗಿ ಕೈನ ಇಲ್ಲ."

ಅಂಗಳ ತುಂಬ ಜನ. ಗುರಣ್ಣ ಇದ್ದ, ಓಣಿಯ ಹೆಂಗಸರಿದ್ದರು. ಹಬ್ಬಕ್ಕೆಂದು ಬಂದು ಮಳೆಗೆ ಸಿಕ್ಕು ಉಳಿದಿದ್ದ ಹುಲಗಪ್ಪನ ಹಿರಿಯ ಅಳಿಯನೂ ಅಲ್ಲೇ ಮಾಡಿನ ಕೆಳಗೆ ನಿಂತಿದ್ದ. ಹುಲಗಪ್ಪ ಹೊರಸಿನ ಮುಂದಿನ ಗಳದ ಹತ್ತಿರದಿಂದ ಎದ್ದು ಬಂದ. ತಲೆಯ ಹಿಂದಕ್ಕೆ ಕೈ ಒಯ್ದು ಸಿಕ್ಕಿಸಿದ್ದ ಚುಂಗನ್ನು ಬಿಡಿಸಿದ. ಅದನ್ನು ಒಂದು ಮೊಳ ಇಳಿಸಿ, ಬಾಗಿಲಿನ ಮುಂದೆ ಬೆನ್ನು ತಿರುಗಿಸಿ ಮೊಣಕಾಲೂರಿ ಕೂತ.

"ಹಿಡಿ ಮಗಳ."

ಚಮನಬೀ ತನ್ನ ಮಾವನ ಮುಖ ನೋಡಿದಳು.

"ಹಿಡಿ ಅಂದ್ರ. ನಿನಗ ಕೈ ಅದಾವಲ್ಲ? ಜಗ್ಗು."

ಅವಳು ಒಂದು ಕೈ ಚೌಕಟ್ಟಿನಿಂದ ಬಿಡಿಸಿ ಚುಂಗು ಹಿಡಿದು ಜಗ್ಗಿದಳು.

"ಇದೇನು, ಇರುವಿ ಜಗ್ಗಿದಂಗಾತು. ಹಣಮಮ್ಮ ಜಗ್ಗಿದ್ರ ಕುತಗಿ ಉಳಕಿತ್ತು ನಂದು. ಇನ್ನೊಮ್ಮಿ."

ಆಗ ನೋವು ಬಂತು. ಚಮನಬೀ ಇನ್ನೊಂದು ಕೈಯನ್ನೂ ಬಿಟ್ಟು ಎರಡರಿಂದಲೂ ಜಗ್ಗಿದಳು. ಸುತ್ತುಗಳು ಸಡಿಲಾಗಿ ರುಮಾಲು ಹುಲಗಪ್ಪನ ಕಿವಿಯ ಮೇಲೆ ಜಾರಿತು. ಹೆಂಗಸರ ನಡುವೆ ಯಾರೋ ಕಿಸಕ್ಕನೆ ನಕ್ಕರು. ಹುಲಗಪ್ಪ ಅದನ್ನು ಸರಿಮಾಡಿಕೊಳ್ಳಲಿಲ್ಲ.

"ಹಾಂ, ಜೀವ ಅದ ನೋಡು," ಎಂದ. "ದಾರಿತುಂಬ ಹಿಂಗ ಜಗ್ಗಬೇಕು. ನಡಿ."

ಅವಳು ಚುಂಗು ಬಿಡದೆಯೇ ಹೊರಸಿನ ಮೇಲೆ ಮಲಗಿದಳು. ಯಾವಾಗಲೂ ಕೊನೆಯ ಹೊಲ ದಾಟಿದ ಮೇಲೆ ಇಳಿಯುತ್ತಿದ್ದ ಚುಂಗು ಆ ದಿನ ಓಣಿಯಲ್ಲಿ ಇಳಿದಿತ್ತು, ಚಾವಡಿಯ ಮುಂದೆ ಇಳಿದಿತ್ತು, ಅಳಿಯನ ಕಣ್ಣೆದುರಿಗೆ ಇಳಿದಿತ್ತು. ಹುಲಗಪ್ಪ ಅರ್ಧ ಬಿಚ್ಚಿದ ರುಮಾಲಿನಲ್ಲಿಯೇ ಊರು ದಾಟಿದ. ಹಣಮಮ್ಮ ಹೊರಸಿನ ಪಕ್ಕದಲ್ಲಿ, ಸೀರೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ನಡೆದಳು. ಬೇವಿನ ಮರ ಬಂತು. ಕಲ್ಲು ಮಳೆಯಲ್ಲಿ ತೊಯ್ದು ಕಪ್ಪಗೆ ಮಿಂಚುತ್ತಿತ್ತು. ಹುಲಗಪ್ಪ ನಡಿಗೆ ನಿಲ್ಲಿಸಲಿಲ್ಲ, ಆ ಕಡೆ ತಲೆಯನ್ನೂ ತಿರುಗಿಸಲಿಲ್ಲ. ತಿರುಗಿಸಿದರೆ ಚುಂಗಿನ ಎಳೆತ ತಪ್ಪುತ್ತಿತ್ತು.

"ಹಣಮವ್ವ," ಎಂದ.

"ಏನ್ ಮಾವ?"

"ವೆಂಕಟಪ್ಪಗ ಹೇಳಿ ಕಳಸು. ಬಿಚ್ಚಿದ್ದನ್ನ ಕಡೀ ಅಂತ ಹೇಳು."

ಚಮನಬೀ ಶಹಾಪುರ ಮುಟ್ಟಿದಳು. ಗಂಡು ಮಗು. ಕೆರೆಯ ದಂಡೆಯ ಮೇಲೆ ಆ ದಿನ ಹುಲಗಪ್ಪ ಹೊರಸು ಇಳಿಸಲಿಲ್ಲ ಎಂದು ಮಲ್ಕಪ್ಪನ ತಮ್ಮ ಹೇಳುತ್ತಿದ್ದ. ಪೇಟೆಯ ಮಧ್ಯದಲ್ಲಿ ಹಾಗೇ ಹೋದನಂತೆ.

ಮಳೆ ಬಿಟ್ಟ ಮೇಲೆ ವೆಂಕಟಪ್ಪ ಉಳಿ ಸುತ್ತಿಗೆ ಹಿಡಿದು ಬಂದ. ಮೊದಲು ಅವನು ಆಗುವುದಿಲ್ಲ ಎಂದ. ಕಲ್ಲಿನಿಂದ ತೆಗೆಯಬಹುದು, ಕಲ್ಲಿಗೆ ಹಚ್ಚಲಿಕ್ಕಾಗುವುದಿಲ್ಲ ಎಂದ. ಆಮೇಲೆ ಬಹಳ ಹೊತ್ತು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕಂಬಳಿಯ ದಪ್ಪವನ್ನು ಬೆರಳಿನಿಂದ ಅಳೆದು ನೋಡಿದ.

"ಕಂಬಳಿ ದಪ್ಪ ಬಿಟ್ಟೀನಿ," ಎಂದ. "ಇದರಾಗ ಕೈ ಅದ. ನಾ ತಗದಿದ್ದಿಲ್ಲ, ಅಷ್ಟ."

ಬಟ್ಟೆಗಾಗಿ ಹೆಂಗಸಿನ ತಲೆಗೂ ಮುಂದಿನವನ ರುಮಾಲಿಗೂ ನಡುವಿನ ಕಲ್ಲನ್ನು ಇನ್ನಷ್ಟು ಆಳಕ್ಕೆ ಇಳಿಸಿ, ಚುಂಗಿನಷ್ಟು ಮಾತ್ರ ಉಳಿಸಿಕೊಂಡ. ಕಡಿಯಲು ಅವನಿಗೆ ಅದು ಕಣ್ಣೆದುರಿಗೆ ಕಾಣಬೇಕಿತ್ತು. ಹಣಮಮ್ಮ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಮಲಗಿ ಕೈ ಚಾಚಿದಳು. ಹುಲಗಪ್ಪ ಅವಳ ಮುಂದೆ ಗಳಕ್ಕೆ ಹೆಗಲು ಕೊಟ್ಟು ನಿಂತ. ಅಷ್ಟು ಚಂದ ಕೆತ್ತಿದ್ದ ರುಮಾಲಿನ ಸುತ್ತುಗಳನ್ನು ವೆಂಕಟಪ್ಪ ಒಂದೊಂದಾಗಿ ಕಡಿದು ಸಡಿಲ ಮಾಡುವಾಗ ಹುಲಗಪ್ಪ ಬೇರೆ ಕಡೆ ನೋಡುತ್ತಿದ್ದ.

"ಇನ್ನಾ ಜಗ್ಗಲೇನು ಮಾವ?" ಎಂದು ಹಣಮಮ್ಮ ಕೇಳಿದಳು.

"ಸಾಕು ಬಿಡಬೇ. ಕಲ್ಲಾಗೂ ಕುತಗಿ ಉಳಕತದ."

ರಾಜ್ಯಗಳು ಒಂದಾದ ದಿನ ಬೇವಿನ ಮರದ ಕೆಳಗೆ ಕಲ್ಲು ನಿಂತಿತು. ಶಹಾಪುರದಿಂದ ಒಬ್ಬ ಸಾಹೇಬರು ಬಾವುಟ ಏರಿಸಲು ಬಂದಿದ್ದರು. ಹೂವಿನ ಹಾರ ಹಾಕುವಾಗ ಅವರು ಕಲ್ಲನ್ನು ಹತ್ತಿರದಿಂದ ನೋಡಿ, "ಉಳದವರ ರುಮಾಲ ಸರಿ ಅದ, ಇವನದೊಂದ ಯಾಕ ಬಿಚ್ಚ್ಯಾದ?" ಎಂದು ಕೇಳಿದರು. ಗುರಣ್ಣ ಏನು ಹೇಳಬೇಕೆಂದು ಹುಲಗಪ್ಪನ ಕಡೆ ನೋಡಿದ. ಹುಲಗಪ್ಪ ಹೊಸದಾಗಿ ಒಗೆದ ರುಮಾಲು ಕಟ್ಟಿಕೊಂಡು ಅಳಿಯಂದಿರ ಪಕ್ಕದಲ್ಲಿ ನಿಂತಿದ್ದ. ಒಂದು ಹೆಜ್ಜೆ ಮುಂದೆ ಬಂದ.

"ಅವ ನಾನ್ರಿ," ಎಂದ. "ಜಗ್ಗಿದಾಕಿ ಅಲ್ಲಿ ನಿಂತಾಳ್ರಿ."

ಎಲ್ಲರೂ ತಿರುಗಿ ನೋಡಿದರು. ಹಣಮಮ್ಮನ ಕೈಯಲ್ಲಿ ಕದಿರು ತಿರುಗುತ್ತಿತ್ತು. ಜೀವನದಲ್ಲಿ ಆ ಒಂದು ಸಲ ತನಗೆ ಮಾತು ಬರಲಿಲ್ಲ ಎಂದು ಅವಳು ಹೇಳುತ್ತಿದ್ದಳು.

ಆಮೇಲೆ ಆ ಹೊರಸು ಬಹಳ ವರ್ಷ ದುಡಿಯಿತು. ಗಳ ಮುರಿದರೆ ಬೇರೆ ಗಳ, ನುಲಿ ಹರಿದರೆ ಬೇರೆ ನುಲಿ. ಬಸುರಿಯರು ಹೊಲದೊಳಗಿಂದ ಸುತ್ತು ಹಾಕುವುದನ್ನು ಬಿಟ್ಟು, ಮರದ ಕೆಳಗೆ ನಿಂತು ಆ ಮುಷ್ಟಿಯನ್ನು ಮುಟ್ಟಿ ಹೋಗತೊಡಗಿದರು. ದಾರಿಗೆ ಜಲ್ಲಿ ಬಿತ್ತು, ಆಮೇಲೆ ಡಾಂಬರು ಬಿತ್ತು. ಬಸ್ಸು ಬಂತು. ಹೊರಸು ಹುಲಗಪ್ಪನ ಪಡಸಾಲೆಯಲ್ಲಿ ಜೋಳದ ಚೀಲ ಇಡುವ ಅಟ್ಟವಾಯಿತು. ಮೊದಲು ಮಲ್ಕಪ್ಪ ಹೋದ, ಆಮೇಲೆ ಫಕ್ರುದ್ದೀನ, ಆಮೇಲೆ ಹುಲಗಪ್ಪ, ಕೊನೆಗೆ ಮಲ್ಕಪ್ಪನ ತಮ್ಮ. ಹುಲಗಪ್ಪ ಮುದುಕನಾದ ಮೇಲೆ ಆ ಕಲ್ಲಿನ ಮುಂದೆ ಹಾಯುವಾಗ ತನ್ನ ರುಮಾಲನ್ನು ಒಮ್ಮೆ ಮುಟ್ಟಿಕೊಂಡು ಹೋಗುತ್ತಿದ್ದನಂತೆ.

ನಾಲ್ವರೂ ತೀರಿಹೋದ ಮೇಲೆ ಹಣಮಮ್ಮ ಪ್ರತಿ ಮಾನೋಮಿ ಅಮಾವಾಸ್ಯೆಗೆ ಬುಟ್ಟಿಯಲ್ಲಿ ಐದು ರೊಟ್ಟಿ ಇಟ್ಟುಕೊಂಡು ಬೇವಿನ ಮರಕ್ಕೆ ಹೋಗುತ್ತಿದ್ದಳು. ಅವರಿಗೆ ನಾಲ್ಕು ಎಲೆಯಲ್ಲಿ ಎಡೆ ಇಡುತ್ತಿದ್ದಳು. ಫಕ್ರುದ್ದೀನನ ಹೆಸರಿಗೆ ಇಟ್ಟಿದ್ದನ್ನು ಚಮನಬೀಯ ಮಗ ಬಂದು ತೆಗೆದುಕೊಂಡು ಹೋಗಿ ಹಂಚುತ್ತಿದ್ದ. ಐದನೆಯ ರೊಟ್ಟಿಯನ್ನು ಹಣಮಮ್ಮ ಅಲ್ಲೇ ಕೂತು ಮುರಿದು ತಿನ್ನುತ್ತಿದ್ದಳು. ಯಾರಾದರೂ ಕೇಳಿದರೆ, "ಇದು ನಂದು. ನಂದು ನಾನ ತಿಂತೀನಿ," ಎನ್ನುತ್ತಿದ್ದಳು. ಪಲ್ಯಕ್ಕೆ ಉಪ್ಪು ಸರಿಯಿದೆಯೋ ಇಲ್ಲವೋ ಎಂದೂ ಹೇಳುತ್ತಿದ್ದಳು.

ಅವಳು ತೀರಿಕೊಂಡ ವರ್ಷ ಅಮಾವಾಸ್ಯೆಗೆ ಬುಟ್ಟಿ ತಂದವಳು ಶಂಕ್ರಮ್ಮ. ಅವಳ ತಲೆಗೂದಲೂ ಆಗ ಬೆಳ್ಳಗಾಗಿತ್ತು. ನಾಲ್ಕು ಎಲೆ ಹಾಸಿ ನಾಲ್ಕು ರೊಟ್ಟಿ ಇಟ್ಟಳು. ಐದನೆಯ ಎಲೆಯನ್ನೂ ಹಾಸಿದಳು, ರೊಟ್ಟಿ ಕೈಯಲ್ಲಿ ಹಿಡಿದು ಕಲ್ಲನ್ನು ನೋಡಿದಳು. ಮುಷ್ಟಿ ಚುಂಗನ್ನು ಹಿಡಿದೇ ಇತ್ತು. ಶಂಕ್ರಮ್ಮ ಐದನೆಯ ಎಲೆಯನ್ನು ಮಡಚಿ ಬುಟ್ಟಿಗೆ ಹಾಕಿ, ಅಲ್ಲೇ ಕೂತು ರೊಟ್ಟಿ ಮುರಿದಳು.

"ಇಟ್ಟ್ರ ಅವ್ವ ಬೈತಾಳ," ಎಂದಳು.